ಬೋಳಾದ ತಂಪು ಮಳೆಕಾಡು ತಾನೇ ಬೆಳೆದು ನಿಂತ ಮೇಲೂ ಮತ್ತೆ ಮರ ಕಡಿಯುವುದೇಕೆ?

ಮಲ್ಲೇಶ್ವರದ ಓದುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಭಾನುವಾರದ ಪ್ರಕೃತಿ ಅಧ್ಯಯನ ಗುಂಪಿನ ಮುಂದಿನ ವಿಷಯ ಕರಾವಳಿಯ ಸಮಶೀತೋಷ್ಣ ಮಳೆಕಾಡುಗಳು. ಅಲಾಸ್ಕದಿಂದ ಕ್ಯಾಲಿಫೋರ್ನಿಯದ ಉತ್ತರದವರೆಗಿನ ಪೆಸಿಫಿಕ್ ದಂಡೆ, ದಕ್ಷಿಣ ಚಿಲಿ, ನ್ಯೂಜಿಲೆಂಡಿನ ಪಶ್ಚಿಮ ಕರಾವಳಿ, ಟಾಸ್ಮೇನಿಯ ಇವೆಲ್ಲ ಬರುತ್ತವೆ. ಪಾಠ ಕಬ್ಬನ್ ಪಾರ್ಕಿನಲ್ಲಿ, ಕೇಳುವವರು ಹೈಸ್ಕೂಲು ಮತ್ತು ಪಿಯುಸಿ ಮಕ್ಕಳು, ಟಿಪ್ಪಣಿ ಕನ್ನಡದಲ್ಲೇ ಆಗಬೇಕು. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಬಲ್ಲವರು ಬಿಡಿಸಿ ಹೇಳಿ.

ಮೊದಲನೆಯದು ಹೆಸರಿನ ಪ್ರಶ್ನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ. ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದಲ್ಲಿರುವ ಹೋ ಕಾಡಿನಲ್ಲಿ ಸುಮಾರು 3,500. ಹಾಗಿದ್ದರೆ ಅದಕ್ಕೆ ಬೇರೆ ಹೆಸರು, ಬೇರೆ ಗುಂಪು ಯಾಕೆ? ಕುದುರೆಮುಖ, ಬ್ರಹ್ಮಗಿರಿಯ ಶೋಲಾ ಕಾಡು ತಂಪಾಗಿಯೇ ಇದೆ, ಹಾವಸೆಯೂ ಇದೆ. ಅದು ಈ ಗುಂಪಿಗೆ ಸೇರುತ್ತದೆಯೇ?

ಎರಡನೆಯದೇ ನನಗೆ ಮುಖ್ಯ. ಅಲಾಸ್ಕ, ವಾಷಿಂಗ್ಟನ್ ಕಡೆ 40–50 ವರ್ಷದ ಹಿಂದೆ ಬೋಳು ಕಡಿದ ಜಾಗಗಳಲ್ಲಿ ಕಾಡು ತಾನಾಗಿ ಬೆಳೆದು ದಟ್ಟವಾಗಿದೆ. ಈಗ ಕಾಡು ಉಳಿಸುವವರೇ ಅಲ್ಲಿಗೆ ಗರಗಸ ಹಿಡಿದು ಹೋಗಿ ಮರ ತೆಗೆಯುತ್ತಿದ್ದಾರೆ. ‘ಒಂದು ಮರವನ್ನೂ ಮುಟ್ಟಬೇಡಿ’ ಎಂದು ಕಲಿತ ಮಕ್ಕಳಿಗೆ ಇದನ್ನು ಹೇಗೆ ಹೇಳಲಿ? ಸುಮ್ಮನೆ ಬಿಟ್ಟರೆ ಸಾಲದೇ?

ಮೂರನೆಯದು ಸಾಲ್ಮನ್ ಮೀನು ಕಾಡಿಗೆ ಗೊಬ್ಬರವಾಗುತ್ತದೆ ಎಂಬ ಮಾತು. ಕೇಳಲು ಬಹಳ ಚೆನ್ನಾಗಿದೆ. ಎಷ್ಟು ನಿಜ?

ಜರೀಗಿಡ

ಮೊದಲ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. ಮಳೆ ಒಟ್ಟು ಎಷ್ಟು ಎಂಬುದಕ್ಕಿಂತ ಅದು ಯಾವ ಕಾಲಕ್ಕೆ ಬೀಳುತ್ತದೆ, ಆಗ ಚಳಿ ಎಷ್ಟಿರುತ್ತದೆ ಎಂಬುದು ಮುಖ್ಯ. ಪರಿಸರ ವಿಜ್ಞಾನಿ ಪಾಲ್ ಅಲಬ್ಯಾಕ್ 1991ರಲ್ಲಿ ಕೊಟ್ಟ ಅಳತೆಗೋಲು ಈಗಲೂ ಹೆಚ್ಚು ಬಳಕೆಯಲ್ಲಿದೆ. ವರ್ಷಕ್ಕೆ 1,400 ಮಿ.ಮೀ.ಗಿಂತ ಹೆಚ್ಚು ಮಳೆ, ಅದರಲ್ಲಿ ನೂರಕ್ಕೆ ಹತ್ತು ಭಾಗವಾದರೂ ಬೇಸಿಗೆಯಲ್ಲಿ ಬೀಳಬೇಕು. ಬೇಸಿಗೆಯ ನಡುತಿಂಗಳ ಸರಾಸರಿ ಉಷ್ಣತೆ 16 ಡಿಗ್ರಿಯ ಒಳಗಿರಬೇಕು. ಕಾಡ್ಗಿಚ್ಚು ಅಪರೂಪವಾಗಿರಬೇಕು. ಚಳಿಗೆ ಮರಗಳ ಬೆಳವಣಿಗೆ ನಿಲ್ಲುವ ಒಂದು ಕಾಲ ಇರಬೇಕು. ಈ ಕೊನೆಯದರಲ್ಲೇ ನಮ್ಮ ಶೋಲಾ ಹೊರಗುಳಿಯುತ್ತದೆ. 13 ಡಿಗ್ರಿ ಅಕ್ಷಾಂಶದಲ್ಲಿ, ಎತ್ತರದಿಂದಷ್ಟೇ ತಂಪಾದ ಕಾಡು ಅದು. ಉಷ್ಣವಲಯದ ಬೆಟ್ಟಗಾಡು ಎಂದು ಬರೆಯಿರಿ. ಹಾವಸೆ, ಕಾವಳ ನೋಡಿ ಒಂದೇ ಎಂದುಕೊಳ್ಳುವುದು ಸಹಜ, ಆದರೆ ಮರಗಳ ಕುಲವೇ ಬೇರೆ.

ಮಕ್ಕಳಿಗೆ ತಿಂಗಳುವಾರು ಮಳೆಯ ಚಿತ್ರ ತೋರಿಸಿ. ಆಗುಂಬೆಯ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧೋ ಎಂದು ಸುರಿಯುತ್ತದೆ. ಹೋ ಕಾಡಿನದು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ಜಿಟಿಜಿಟಿ ಸೋನೆ, ಬೇಸಿಗೆಯೇ ಒಣ ಕಾಲ. ಅಲ್ಲಿ ಎಲೆ ಉದುರಿಸುವ ಮರಗಳಿಗಿಂತ ಸೂಚಿಪರ್ಣಿಗಳು, ಅಂದರೆ ಸಾಮಾನ್ಯವಾಗಿ ಸೂಜಿಯಂಥ ಎಲೆಯ ಸ್ಪ್ರೂಸ್, ಹೆಮ್ಲಾಕ್‌ನಂಥ ಮರಗಳು, ಮೇಲುಗೈ ಪಡೆದದ್ದು ಇದರಿಂದಲೇ. ನೀರು ಸಮೃದ್ಧವಾಗಿರುವ ಕಾಲದಲ್ಲಿ ಎಲೆ ಉದುರುವ ಮರ ಬೋಳಾಗಿರುತ್ತದೆ, ಸೂಚಿಪರ್ಣಿ ಹದವಾದ ಚಳಿಗಾಲದ ದಿನಗಳಲ್ಲೂ ಆಹಾರ ತಯಾರಿಸಿಕೊಳ್ಳುತ್ತದೆ. ಬೇಸಿಗೆಯ ಕೊರತೆಯನ್ನು ಕಡಲ ಮಂಜು ಸ್ವಲ್ಪ ತುಂಬುತ್ತದೆ. ಉತ್ತರ ಕ್ಯಾಲಿಫೋರ್ನಿಯದ ರೆಡ್‌ವುಡ್ ಕಾಡಿನಲ್ಲಿ ನೆಲಕ್ಕೆ ಬರುವ ವರ್ಷದ ನೀರಿನಲ್ಲಿ ನೂರಕ್ಕೆ 34 ಭಾಗ, ಮಂಜು ಸೂಜಿಎಲೆಗೆ ತಾಗಿ ತೊಟ್ಟಿಕ್ಕಿದ್ದು ಎಂದು ಟಾಡ್ ಡಾಸನ್ 1998ರಲ್ಲಿ ಅಳೆದು ತೋರಿಸಿದರು. ಅಲ್ಲಿ ಮರ ಕಡಿದರೆ ಆ ನೀರೂ ಹೋಯಿತು, ಮಂಜನ್ನು ಹಿಡಿಯಲು ಏನೂ ಉಳಿಯುವುದಿಲ್ಲ.

ದಕ್ಷಿಣಾರ್ಧದಲ್ಲಿ ಮರಗಳೇ ಬೇರೆ. ಚಿಲಿ, ಟಾಸ್ಮೇನಿಯ, ನ್ಯೂಜಿಲೆಂಡಿನಲ್ಲಿ ದಕ್ಷಿಣದ ಬೀಚ್ ಮರಗಳು, ಜೊತೆಗೆ ಚಿಲಿಯಲ್ಲಿ ಅಲೆರ್ಸೆ, ನ್ಯೂಜಿಲೆಂಡಿನಲ್ಲಿ ರಿಮು, ಕಹಿಕಾಟಿಯಾ. ಒಂದು ಅಲೆರ್ಸೆ ಮರದ ವಯಸ್ಸು ಬೆಳವಣಿಗೆಯ ಉಂಗುರಗಳ ಲೆಕ್ಕದಲ್ಲಿ 3,622 ವರ್ಷ ಎಂದು 1993ರಲ್ಲಿ ಪ್ರಕಟವಾಯಿತು. ಚಿಲಿ ದೇಶ 1976ರಲ್ಲೇ ಹಸಿ ಅಲೆರ್ಸೆ ಕಡಿಯುವುದನ್ನು ನಿಷೇಧಿಸಿತು. ರಿಮು, ಕಹಿಕಾಟಿಯಾ ಪೋಡೋಕಾರ್ಪ್ ಕುಟುಂಬದವು. ಪಶ್ಚಿಮ ಘಟ್ಟದ ಒಂದೇ ಒಂದು ಸ್ಥಳೀಯ ಸೂಚಿಪರ್ಣಿಯಾದ ನಗೇಯಾ ಕೂಡ ಅದೇ ಕುಟುಂಬದ್ದು, ಎಲೆ ಅಗಲವಿದ್ದರೂ. ಶೋಲಾಕ್ಕೂ ಆ ಕಾಡಿಗೂ ಸಂಬಂಧ ಹೇಳಲೇಬೇಕೆಂದರೆ ಇದನ್ನು ಹೇಳಿ.

ಬೇರುಬಿಳಲು

ಓದುಗಿ ಮೇಡಂ, ಎರಡನೆಯದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕಾಗುತ್ತದೆ. ಬೋಳು ಕಡಿದ ಜಾಗದಲ್ಲಿ ಮರ ಮರಳಿ ಬರುತ್ತದೆ, ಕಾಡು ಬರುವುದಿಲ್ಲ. ಎರಡರ ನಡುವಿನ ವ್ಯತ್ಯಾಸ ವರ್ಷವಾರು ನೋಡಿದರೆ ತಿಳಿಯುತ್ತದೆ.

ಆಗ್ನೇಯ ಅಲಾಸ್ಕವನ್ನು ತೆಗೆದುಕೊಳ್ಳಿ. ಅಲ್ಲಿನ ಟಾಂಗಾಸ್ ರಾಷ್ಟ್ರೀಯ ಅರಣ್ಯ ಸುಮಾರು 68 ಲಕ್ಷ ಹೆಕ್ಟೇರ್, ಅಮೆರಿಕದಲ್ಲೇ ದೊಡ್ಡದು. ಸಿಟ್ಕಾ ಸ್ಪ್ರೂಸ್ ಮತ್ತು ಪಶ್ಚಿಮದ ಹೆಮ್ಲಾಕ್ ಅಲ್ಲಿನ ಮುಖ್ಯ ಮರಗಳು. ಬೋಳು ಕಡಿದ ಮೊದಲ 15–25 ವರ್ಷ ಬಿಸಿಲು ನೆಲ ಮುಟ್ಟುತ್ತದೆ, ಬ್ಲೂಬೆರಿ ಮುಂತಾದ ಪೊದೆಗಳು ಎದ್ದು ಬರುತ್ತವೆ, ಜಿಂಕೆಗೆ ಮೇವು ಹೇರಳ. ನೋಡಿದವರಿಗೆ ಎಲ್ಲ ಸರಿಹೋಯಿತು ಅನಿಸುವ ಕಾಲ ಇದು. ಆದರೆ ಅದೇ ನೆಲದಲ್ಲಿ ಹೆಮ್ಲಾಕ್, ಸ್ಪ್ರೂಸ್ ಸಸಿಗಳು ಹೆಕ್ಟೇರಿಗೆ ಹತ್ತು ಸಾವಿರದ ಲೆಕ್ಕದಲ್ಲಿ ಒಂದೇ ಸಲಕ್ಕೆ ಹುಟ್ಟಿರುತ್ತವೆ. 25ರಿಂದ 35 ವರ್ಷಕ್ಕೆ ಅವುಗಳ ತಲೆಗಳು ಒಂದಕ್ಕೊಂದು ಕೂಡಿಕೊಂಡು ಸೂರು ಮುಚ್ಚಿಹೋಗುತ್ತದೆ. ಎಲ್ಲವೂ ಒಂದೇ ವಯಸ್ಸು, ಒಂದೇ ಎತ್ತರ, ಎಲ್ಲಿಯೂ ಕಿಂಡಿ ಇಲ್ಲ. ಕೆಳಗಿನ ಪೊದೆ, ಜರೀಗಿಡ, ಹುಲ್ಲು ಸತ್ತು ನೆಲ ಬರಿದಾಗುತ್ತದೆ. ಈ ಕತ್ತಲೆ ಐದೋ ಹತ್ತೋ ವರ್ಷದ್ದಲ್ಲ. ಮರಗಳಿಗೆ 150 ವರ್ಷ ತುಂಬುವವರೆಗೂ ನಡೆಯಬಹುದು. ‘ಸುಮ್ಮನೆ ಬಿಟ್ಟರೆ ಸಾಲದೇ’ ಎಂದರೆ ಸಾಕು, ಆದರೆ ಕಾಯಬೇಕಾದದ್ದು ನಮ್ಮ ನಾಲ್ಕೈದು ತಲೆಮಾರು.

ಹಳೆಯ ಕಾಡಿನಲ್ಲಿ ಏನಿತ್ತು, ಇಲ್ಲಿ ಏನಿಲ್ಲ? ಅಲ್ಲಿ ಗಾಳಿಗೆ ಒಂದೊಂದೇ ಮರ ಬೀಳುತ್ತದೆ, ಬಿದ್ದಲ್ಲಿ ಕಿಂಡಿಯಾಗುತ್ತದೆ, ಕಿಂಡಿಯಲ್ಲಿ ಪೊದೆ ಬರುತ್ತದೆ. ಬಿದ್ದ ದಿಮ್ಮಿ ನೂರಾರು ವರ್ಷ ಕೊಳೆಯುತ್ತ ತೇವ ಹಿಡಿದಿಟ್ಟು ಹೆಮ್ಲಾಕ್, ಸ್ಪ್ರೂಸ್ ಬೀಜಗಳಿಗೆ ತೊಟ್ಟಿಲಾಗುತ್ತದೆ. ನೆಲದ ಮೇಲಿನ ದಪ್ಪ ಹಾವಸೆಯಲ್ಲಿ ಮೊಳಕೆ ಬದುಕುವುದು ಕಷ್ಟ, ಎತ್ತರದ ದಿಮ್ಮಿಯ ಮೇಲೆ ಸುಲಭ. ಇದನ್ನು ತಾಯಿದಿಮ್ಮಿ ಎಂದು ಕರೆಯಬಹುದು. ಹೋ ಕಾಡಿನಲ್ಲಿ ದೊಡ್ಡ ಮರಗಳು ದಾರ ಹಿಡಿದು ನೆಟ್ಟಂತೆ ಒಂದೇ ಸಾಲಿನಲ್ಲಿ ಕಾಣುವುದು, ಅವುಗಳ ಬೇರಿನ ಅಡಿಯಲ್ಲಿ ಸುರಂಗದಂತೆ ಪೊಳ್ಳು ಇರುವುದು ಇದೇ ಕಾರಣಕ್ಕೆ. ಕೆಳಗಿದ್ದ ದಿಮ್ಮಿ ಕೊಳೆತು ಹೋಗಿದೆ, ಮೇಲಿನವು ಉಳಿದಿವೆ.

ಮೇಲಿನ ಲೋಕ ಇನ್ನೂ ನಿಧಾನ. ಹಳೆಯ ಕೊಂಬೆಯ ಮೇಲೆ ಹಾವಸೆ ಕೊಳೆತು ಮಣ್ಣೇ ಆಗಿಬಿಡುತ್ತದೆ. ಒಲಿಂಪಿಕ್ ಕಾಡಿನ ಅಗಲ ಎಲೆಯ ಮೇಪಲ್ ಮರಗಳು ತಮ್ಮ ಕೊಂಬೆಯಿಂದಲೇ ಬೇರು ಬಿಟ್ಟು ಆ ಮಣ್ಣನ್ನು ಹೀರುವುದನ್ನು 1981ರಲ್ಲಿ ಪ್ರಕಟಿಸಿದವರು ಭಾರತೀಯ ಮೂಲದ ನಳಿನಿ ನಾಡಕರ್ಣಿ. ಲೋಬೇರಿಯ ಎಂಬ ಎಲೆಯಂಥ ಕಲ್ಲುಹೂ ಗಾಳಿಯ ಸಾರಜನಕವನ್ನು ಹಿಡಿದು, ಉದುರಿ ಕೊಳೆತಾಗ ಕಾಡಿಗೆ ಕೊಡುತ್ತದೆ. ಅದು ಚೂರುಚೂರಾಗಿ ಉದುರಿ ಹರಡುವಂಥದ್ದು, ಆದ್ದರಿಂದ ಹಳೆಯ ಮರದಿಂದ ದೂರ ಹೋಗಲಾರದು. ಮಾರ್ಬಲ್ಡ್ ಮರ್ಲೆಟ್ ಎಂಬ ಕಡಲಹಕ್ಕಿ ಕಡಲಿನಲ್ಲಿ ಮೀನು ತಿಂದು, ಒಳನಾಡಿನ ಹಳೆಯ ಮರದ ಹಾವಸೆ ಹೊದ್ದ ಕೊಂಬೆಯ ಮೇಲೆ ಒಂದೇ ಒಂದು ಮೊಟ್ಟೆ ಇಡುತ್ತದೆ. ಅಮೆರಿಕದಲ್ಲಿ ಅದರ ಮರದ ಗೂಡು ಮೊದಲು ಸಿಕ್ಕಿದ್ದೇ 1974ರಲ್ಲಿ. ಕೊಂಬೆ ಕನಿಷ್ಠ 10 ಸೆಂ.ಮೀ. ದಪ್ಪವಿದ್ದು, ನೆಲದಿಂದ 10 ಮೀಟರ್ ಮೇಲಿದ್ದರೆ ಸಮೀಕ್ಷೆಯವರು ಅದನ್ನು ಗೂಡಿಗೆ ಆಗಬಹುದಾದ ಜಾಗ ಎಂದು ಎಣಿಸುತ್ತಾರೆ. 50 ವರ್ಷದ ಒತ್ತುಮರದಲ್ಲಿ ಅಂಥ ಕೊಂಬೆ ಎಲ್ಲಿಂದ ಬರಬೇಕು? ನೆರಳಿಗೆ ಕೆಳಕೊಂಬೆಗಳೆಲ್ಲ ಸಣ್ಣದರಲ್ಲೇ ಒಣಗಿ ಉದುರಿರುತ್ತವೆ.

ಥಿನ್ನಿಂಗ್, ಅಂದರೆ ಒತ್ತಾಗಿ ಬೆಳೆದ ಮರಗಳಲ್ಲಿ ಕೆಲವನ್ನು ತೆಗೆದು ಬಿಡಿಸುವುದು, ಈ ಕಾಯುವಿಕೆಯನ್ನು ಕಡಿಮೆ ಮಾಡಲು. ಒತ್ತಾದ ರಾಗಿ ಪೈರನ್ನು ಕಿತ್ತು ತೆಳುಮಾಡುವಂತೆಯೇ, ಆದರೆ ರಾಗಿಯಲ್ಲಿ ಸಮ ಅಂತರ ಬೇಕು, ಇಲ್ಲಿ ಬೇಡ. ಹದವಾದ ವಯಸ್ಸು 15–25, ಸೂರು ಮುಚ್ಚುವ ಮೊದಲು. ತೆಗೆಯುವ ಮರಕ್ಕೆ ಗುರುತು ಹಾಕುವ ಬದಲು ಉಳಿಸುವ ಮರಕ್ಕೆ ಪಟ್ಟಿ ಕಟ್ಟಿದರೆ ತಪ್ಪು ಕಡಿಮೆ. ಉಳಿದ ಮರಗಳ ನಡುವೆ ಸರಾಸರಿ 4–5 ಮೀಟರ್ ಬಿಟ್ಟರೆ ಹೆಕ್ಟೇರಿಗೆ 400ರಿಂದ 625 ಮರ ಉಳಿಯುತ್ತವೆ. ಆ ಸರಾಸರಿಯೊಳಗೆ ಕೆಲವು ತುಂಡು ಜಾಗಗಳನ್ನು ಮುಟ್ಟದೆ ಹಾಗೇ ಬಿಡಬೇಕು, ಕೆಲವೆಡೆ ಪೂರ್ತಿ ಕಿಂಡಿ ತೆರೆಯಬೇಕು. ಕೆಂಪು ಸೀಡರ್, ಯೂ, ಆಲ್ಡರ್‌ನಂಥ ಸಂಖ್ಯೆಯಲ್ಲಿ ಕಡಿಮೆ ಇರುವ ಜಾತಿಗಳನ್ನು ತೆಗೆಯಬಾರದು, ಗಾತ್ರ ಎಷ್ಟೇ ಸಣ್ಣದಿರಲಿ. ಕೆಲವು ಮರಗಳ ತೊಗಟೆಯನ್ನು ಸುತ್ತಲೂ ಕೆತ್ತಿ ನಿಂತಲ್ಲೇ ಸಾಯಲು ಬಿಟ್ಟರೆ ಮರಕುಟಿಕಕ್ಕೆ ಮನೆ. ಕಡಿದ ದಪ್ಪ ದಿಮ್ಮಿಗಳಲ್ಲಿ ಒಂದಷ್ಟು ಅಲ್ಲೇ ಬಿದ್ದಿರಬೇಕು.

ಕೆಡುವುದು ಎಲ್ಲಿ? ನಾಲ್ಕು ಕಡೆ ನೋಡಿದ್ದೇವೆ. ಸವರಿದ ರೆಂಬೆಕೊಂಬೆ ಸೊಂಟದೆತ್ತರ ಬಿದ್ದು ಜಿಂಕೆ ಹತ್ತು ವರ್ಷ ಒಳಗೆ ಕಾಲಿಡದಂತಾಗುವುದು ಒಂದು. ಅದಕ್ಕೆ ಓಡಾಡುವ ದಾರಿಗಳನ್ನಾದರೂ ತೆರವು ಮಾಡಬೇಕು. ಬೆಳಕು ಬಿದ್ದದ್ದೇ ತಡ ಪೊದೆಯ ಬದಲು ಹೆಮ್ಲಾಕ್ ಸಸಿಗಳೇ ಎರಡನೆಯ ಸಲ ಚಾಪೆ ಹಾಸಿದಂತೆ ಏಳುವುದು ಇನ್ನೊಂದು, ಆಗ ಮೊದಲಿದ್ದ ಕತ್ತಲೆಯೇ ಕೆಳಹಂತದಲ್ಲಿ ಮರುಕಳಿಸುತ್ತದೆ. ಮೂರನೆಯದು ಗಾಳಿ. ಒತ್ತಿನಲ್ಲಿ ಬೆಳೆದ ಮರ ಎತ್ತರ ಹೋಗಿರುತ್ತದೆ, ದಪ್ಪ ಆಗಿರುವುದಿಲ್ಲ. ಎತ್ತರವನ್ನು ಎದೆಮಟ್ಟದ ವ್ಯಾಸದಿಂದ ಭಾಗಿಸಿ ನೋಡಿ. 24 ಮೀಟರ್ ಎತ್ತರಕ್ಕೆ 24 ಸೆಂ.ಮೀ. ವ್ಯಾಸವಿದ್ದರೆ ಅನುಪಾತ 100. ಅಂಥ ಮರಗಳ ನೆರೆಯವನ್ನು ಒಮ್ಮೆಲೇ ತೆಗೆದರೆ ಮುಂದಿನ ಚಳಿಗಾಲದ ಬಿರುಗಾಳಿಗೆ ಸಾಲಾಗಿ ಮಲಗುತ್ತವೆ. 80ರ ಒಳಗಿದ್ದರೆ ಧೈರ್ಯವಾಗಿ ಬಿಡಿಸಬಹುದು, ಮೇಲಿದ್ದರೆ ಎರಡು ಕಂತಿನಲ್ಲಿ ಮಾಡಬೇಕು ಅಥವಾ ಬಿಟ್ಟೇಬಿಡಬೇಕು. ನಾಲ್ಕನೆಯದು ಮೇಯುವ ಪ್ರಾಣಿ. ಕೆನಡದ ಹೈದಾ ಗ್ವಾಯಿ ದ್ವೀಪಗಳಿಗೆ 19ನೇ ಶತಮಾನದ ಕೊನೆಯಲ್ಲಿ ಹೊರಗಿನಿಂದ ಜಿಂಕೆ ತಂದು ಬಿಟ್ಟರು. ಅಲ್ಲಿ ತೋಳ ಇಲ್ಲ. ಕೆಂಪು ಸೀಡರ್ ಸಸಿಗಳು ತಲೆ ಎತ್ತುವ ಮೊದಲೇ ಜಿಂಕೆಯ ಬಾಯಿ ಸೇರುತ್ತವೆ, ಪೊದೆಗಳೂ ಅಷ್ಟೇ. ಅಂಥ ಕಡೆ ಬೆಳಕು ಬಿಟ್ಟು ಪ್ರಯೋಜನವಿಲ್ಲ, ಮೊದಲು ಜಿಂಕೆಯ ಸಂಖ್ಯೆ ಇಳಿಯಬೇಕು.

ಮಲ್ಲೇಶ್ವರದ ಓದುಗಿ

ಬೇರುಬಿಳಲು ಅವರೇ, ಬಹಳ ಉಪಕಾರವಾಯಿತು. ಒಂದು ಅಳುಕು ಮಾತ್ರ ಹೋಗುತ್ತಿಲ್ಲ. ‘ಕಾಡಿನ ಒಳ್ಳೆಯದಕ್ಕೆ ಮರ ತೆಗೆಯಬೇಕು’ ಎಂಬ ಮಾತನ್ನು ಮರದ ವ್ಯಾಪಾರಿಗಳೂ ಹೇಳುತ್ತಾರಲ್ಲ. ಸಣ್ಣ ಮರ ಬಿಡಿಸುವ ಹೆಸರಿನಲ್ಲಿ ದೊಡ್ಡ ಮರ ಹೋಗದಂತೆ ಅಲ್ಲಿ ಗೆರೆ ಎಳೆದಿದ್ದಾರೆಯೇ?

ಕಾವಳ

ಅಳುಕು ಸರಿಯಾದದ್ದೇ. ಬೇರುಬಿಳಲು ಅವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಪಾಠದಲ್ಲಿ ಥಿನ್ನಿಂಗ್ ವಿಷಯ ಮೊದಲು ಬಂದರೆ ಮಕ್ಕಳ ಮನಸ್ಸಿನಲ್ಲಿ ಅದೇ ಸಂರಕ್ಷಣೆ ಎಂದು ಕೂತುಬಿಡುತ್ತದೆ. ಮೊದಲು ಹೇಳಬೇಕಾದದ್ದು, ನಿಂತಿರುವ ಹಳೆಯ ಕಾಡನ್ನು ಮುಟ್ಟಬಾರದು ಎಂದು. ಕೆಟ್ಟದ್ದನ್ನು ರಿಪೇರಿ ಮಾಡುವುದು ಆಮೇಲಿನ ಮಾತು. ರಿಪೇರಿಯಿಂದ ಹಳೆಯ ಕಾಡು ಹುಟ್ಟಿದ ಉದಾಹರಣೆ ಇನ್ನೂ ಒಂದೂ ಇಲ್ಲ, ಅಷ್ಟು ಕಾಲವೇ ಆಗಿಲ್ಲ.

ಗೆರೆಯ ಬಗ್ಗೆ ಕೇಳಿದಿರಿ. ಹಳೆಯ ಕಾಡನ್ನು ನೆಚ್ಚಿಕೊಂಡ ಚುಕ್ಕೆ ಗೂಬೆಯ ಉತ್ತರದ ಉಪಜಾತಿಯನ್ನು 1990ರಲ್ಲಿ ಅಪಾಯದಂಚಿನ ಪಟ್ಟಿಗೆ ಸೇರಿಸಿದ ಮೇಲೆ ನಡೆದ ದೊಡ್ಡ ಜಟಾಪಟಿಯಿಂದ 1994ರಲ್ಲಿ ವಾಯವ್ಯ ಅರಣ್ಯ ಯೋಜನೆ ಬಂತು. ವಾಷಿಂಗ್ಟನ್, ಓರೆಗಾನ್, ಉತ್ತರ ಕ್ಯಾಲಿಫೋರ್ನಿಯದ ಒಕ್ಕೂಟ ಸರ್ಕಾರದ ಕಾಡುಗಳಿಗೆ ಅದು ಅನ್ವಯ. ಹಳೆಯ ಕಾಡಿಗಾಗಿ ಮೀಸಲಿಟ್ಟ ಪ್ರದೇಶಗಳಲ್ಲಿ, ಕ್ಯಾಸ್ಕೇಡ್ ಬೆಟ್ಟಸಾಲಿನ ಪಶ್ಚಿಮಕ್ಕೆ, 80 ವರ್ಷ ದಾಟಿದ ಮರಗುಂಪಿನಲ್ಲಿ ಥಿನ್ನಿಂಗ್ ಮಾಡುವಂತಿಲ್ಲ ಎಂದು ಅದರಲ್ಲಿ ಬರೆಯಲಾಯಿತು. ವಯಸ್ಸಿನ ಗೆರೆಯಾದ್ದರಿಂದ ಕೊರೆಕೋಲು ಹಾಕಿ ಉಂಗುರ ಎಣಿಸಿದರೆ ಯಾರಾದರೂ ಪರೀಕ್ಷಿಸಬಹುದು. ‘ಕಾಡಿನ ಆರೋಗ್ಯಕ್ಕೆ ಅಗತ್ಯವಿದ್ದಷ್ಟು’ ಎಂಬಂಥ ಪದಗಳಿಂದ ಗೆರೆ ಎಳೆದಿದ್ದರೆ ಅದು ಉಳಿಯುತ್ತಿರಲಿಲ್ಲ.

ದೊಡ್ಡ ಪ್ರಮಾಣದ ಗೆರೆ ಕೆನಡದ ಗ್ರೇಟ್ ಬೇರ್ ಮಳೆಕಾಡಿನದು. ಒಟ್ಟು 64 ಲಕ್ಷ ಹೆಕ್ಟೇರ್, ಅಂದರೆ ನಮ್ಮ ರಾಜ್ಯದ ಮೂರನೇ ಒಂದು ಪಾಲು. 2016ರ ಒಪ್ಪಂದದಲ್ಲಿ ಅಲ್ಲಿನ ಮರಗಾಡಿನ ನೂರಕ್ಕೆ 85 ಭಾಗವನ್ನು ವಾಣಿಜ್ಯ ಕಡಿತದಿಂದ ಕಾಯಂ ಆಗಿ ಹೊರಗಿಟ್ಟರು. ಉಳಿದ ಸುಮಾರು 5.5 ಲಕ್ಷ ಹೆಕ್ಟೇರಿನಲ್ಲಿ ಕಟ್ಟುನಿಟ್ಟಿನ ನಿಯಮದಡಿ ಕಡಿತ ಉಂಟು. ಅದು ಮೇಲಿನಿಂದ ಇಳಿದು ಬಂದ ಆದೇಶವಲ್ಲ. 1993ರಲ್ಲಿ ವ್ಯಾಂಕೂವರ್ ದ್ವೀಪದ ಕ್ಲಾಯೊಕ್ವಾಟ್ ಸೌಂಡ್‌ನಲ್ಲಿ ರಸ್ತೆ ತಡೆದು 800ಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದದ್ದು, ಆಮೇಲೆ ಮರ ಕೊಳ್ಳುವ ಕಂಪನಿಗಳ ಮೇಲೆ ಗ್ರಾಹಕರ ಒತ್ತಡ, ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿನ ಮೂಲನಿವಾಸಿ ರಾಷ್ಟ್ರಗಳು ಸರ್ಕಾರದ ಸಮಕ್ಕೆ ಕೂತು ಮಾತಾಡಿದ್ದು, ಇಷ್ಟು ಸೇರಿ ಆದದ್ದು. ಅವರಿಗೆ ಕಾಡು ಕಾಯುವ ಕೆಲಸಕ್ಕೂ ಬದಲಿ ಜೀವನೋಪಾಯಕ್ಕೂ ಎಂದು 12 ಕೋಟಿ ಕೆನಡ ಡಾಲರಿನ ನಿಧಿಯನ್ನೂ ಕಟ್ಟಲಾಯಿತು, ಅರ್ಧ ದಾನಿಗಳದು, ಅರ್ಧ ಸರ್ಕಾರಗಳದು. ಹಣದ ಈ ಭಾಗವನ್ನು ಪಾಠದಲ್ಲಿ ಬಿಡಬೇಡಿ. ಕಾಡು ಕಡಿಯುವುದೇ ಸಂಬಳ ಕೊಡುವ ಊರಿನಲ್ಲಿ ಬರೀ ‘ಕಡಿಯಬೇಡಿ’ ನಿಲ್ಲುವುದಿಲ್ಲ.

ಮಕ್ಕಳು ದೇವರಕಾಡಿಗೆ ಹೋಲಿಸಬಹುದು. ಹೋಲಿಕೆ ಪೂರ್ತಿ ಕೂಡುವುದಿಲ್ಲ. ದೇವರಕಾಡಿನಲ್ಲಿ ಕೊಡಲಿ ಹಾಕಬಾರದು ಎಂಬ ಕಟ್ಟುಪಾಡು, ಆ ಮೂಲನಿವಾಸಿಗಳದು ಬಳಸುತ್ತಲೇ ಉಳಿಸಿದ ರೂಢಿ. ಕೆಂಪು ಸೀಡರ್ ಮರದಿಂದ ಉದ್ದುದ್ದ ತೊಗಟೆ ಸೀಳಿ ಹಗ್ಗ, ಬುಟ್ಟಿ, ಬಟ್ಟೆ ಮಾಡುತ್ತಿದ್ದರು, ಮರ ಗಾಯ ಮುಚ್ಚಿಕೊಂಡು ಬದುಕುತ್ತಿತ್ತು. ಅಂಥ ಗಾಯದ ಗುರುತು 1846ಕ್ಕಿಂತ ಹಿಂದಿನದಾದರೆ ಬ್ರಿಟಿಷ್ ಕೊಲಂಬಿಯದ ಪರಂಪರೆ ಕಾಯಿದೆ ಆ ಮರವನ್ನು ಕಾಪಾಡುತ್ತದೆ.

ಬಿಡಿಸಬಾರದ ಜಾಗಗಳನ್ನೂ ಬರೆದುಕೊಳ್ಳಿ. ಕಡಿದಾದ ಇಳಿಜಾರು ಬೇಡ, ಬೇರು ಸತ್ತ ಮೇಲೆ ಮಣ್ಣು ಜಾರುತ್ತದೆ. ಕಡಲ ಗಾಳಿ ನೇರ ಹೊಡೆಯುವ ದಿಣ್ಣೆ ಬೇಡ. ಮರ್ಲೆಟ್ ಗೂಡಿರುವ ಹಳೆಯ ಕಾಡಿಗೆ ಅಂಟಿಕೊಂಡ ಅಂಚು ಬೇಡ. ಅಂಚು ತೆರೆದುಕೊಂಡರೆ ಜೇ ಹಕ್ಕಿ, ಕಾಗೆ ಜಾತಿಯವು ಒಳನುಗ್ಗಿ ಮೊಟ್ಟೆ ಕದಿಯುತ್ತವೆ. ಥಿನ್ನಿಂಗ್‌ಗಾಗಿ ಹೊಸ ರಸ್ತೆ ಕಡಿಯಬೇಕಾದರೆ ಆ ಕೆಲಸವನ್ನೇ ಕೈಬಿಡುವುದು ಮೇಲು, ಅಲ್ಲಿ ಲಾಭಕ್ಕಿಂತ ನಷ್ಟ ಹೆಚ್ಚು.

ಹವಾಮಾನದ ಒಂದು ಉದಾಹರಣೆ ಸೇರಿಸುತ್ತೇನೆ, ಯಾಕೆಂದರೆ ಇದು ಎಣಿಕೆಗೆ ವಿರುದ್ಧವಾಗಿ ನಡೆಯುತ್ತದೆ. ಅಲಾಸ್ಕದ ಹಳದಿ ಸೀಡರ್ ಸಾಯುತ್ತಿರುವುದು ಚಳಿಗೆ, ಮತ್ತು ಅದಕ್ಕೆ ಕಾರಣ ಬಿಸಿಯೇರಿಕೆ! ಅದರ ಸಣ್ಣ ಬೇರುಗಳು ನೆಲದ ಮೇಲ್ಪದರದಲ್ಲೇ ಇರುತ್ತವೆ, ಬೇರೆ ಮರಗಳಿಗಿಂತ ಬೇಗ ಎಚ್ಚೆತ್ತುಕೊಳ್ಳುತ್ತವೆ. ಹಿಂದೆ ಹಿಮ ಕಂಬಳಿಯಂತೆ ಮುಚ್ಚಿರುತ್ತಿತ್ತು. ಈಗ ತಗ್ಗು ಪ್ರದೇಶದಲ್ಲಿ ಹಿಮ ನಿಲ್ಲುವುದಿಲ್ಲ, ವಸಂತದ ಮೊದಲಲ್ಲಿ ಒಂದು ರಾತ್ರಿ ಗಡ್ಡೆಕಟ್ಟುವ ಚಳಿ ಬಂದರೆ ಬೇರು ಸುಟ್ಟುಹೋಗುತ್ತದೆ. ನೀರು ನಿಲ್ಲುವ ಜೌಗಿನಲ್ಲಿ ಬೇರು ಇನ್ನೂ ಮೇಲಿರುವುದರಿಂದ ಅಲ್ಲೇ ಹೆಚ್ಚು ಸಾವು. ಇದರಿಂದ ಕೆಲಸಕ್ಕೆ ಬರುವ ಪಾಠವೆಂದರೆ, ಹಳದಿ ಸೀಡರ್ ನೆಡುವುದಾದರೆ ಹಿಮ ನಿಲ್ಲುವ ಎತ್ತರದಲ್ಲಿ, ಅಥವಾ ಬೇರು ಆಳಕ್ಕಿಳಿಯುವ ನೀರು ಬಸಿಯುವ ಮಣ್ಣಿನಲ್ಲಿ ನೆಡಬೇಕು.

ತೊರೆದಂಡೆ

ಸಾಲ್ಮನ್ ವಿಷಯ ನಿಜ, ಆದರೆ ಎಲ್ಲ ಕಡೆ ಹೇಳುವಷ್ಟು ಸರಳವಲ್ಲ. ಪೆಸಿಫಿಕ್ ಸಾಲ್ಮನ್‌ಗಳಲ್ಲಿ ಚಿನೂಕ್, ಕೋಹೋ, ಸಾಕಾಯ್, ಪಿಂಕ್, ಚಮ್ ಎಂಬ ಐದು ಜಾತಿಗಳು ತೊರೆಯಲ್ಲಿ ಹುಟ್ಟಿ, ಕಡಲಲ್ಲಿ ಬಲಿತು, ಮರಳಿ ಬಂದು ಮೊಟ್ಟೆಯಿಟ್ಟು ಸಾಯುತ್ತವೆ. ಮೈತೂಕದ ಬಹುಪಾಲು ಕಡಲಿನಲ್ಲೇ ಕೂಡಿಸಿದ್ದು. ಅಂದರೆ ಕಡಲಿನ ಸಾರಜನಕ, ರಂಜಕ ತಾವಾಗಿ ಬೆಟ್ಟ ಹತ್ತಿದ ಹಾಗಾಯಿತು. ಕರಡಿ ಮೀನನ್ನು ಕಾಡಿನೊಳಕ್ಕೆ ಒಯ್ದು ತಿನ್ನುತ್ತದೆ, ಮೀನು ಹೇರಳವಾಗಿದ್ದಾಗ ಮೊಟ್ಟೆ, ಮಿದುಳಿನಂಥ ಕೊಬ್ಬಿನ ಭಾಗ ತಿಂದು ಉಳಿದದ್ದನ್ನು ಬಿಡುತ್ತದೆ. ಉಳಿದದ್ದು ನೊಣ, ಹುಳು, ಬೇರಿನ ಪಾಲು.

ಇದನ್ನು ಅಳೆಯುವುದು ಸಾರಜನಕ-15, ಅಂದರೆ ಸಾಮಾನ್ಯಕ್ಕಿಂತ ತುಸು ಭಾರವಾದ ಸಾರಜನಕದ ಪರಮಾಣುವಿನ ಮೂಲಕ. ಕಡಲ ಮೀನಿನಲ್ಲಿ ಈ ಭಾರದ ಸಾರಜನಕ ಹೆಚ್ಚು. ಸಾಲ್ಮನ್ ಬರುವ ತೊರೆಯ ದಂಡೆಯ ಮರಗಿಡಗಳ ಎಲೆಯಲ್ಲಿ ಸಾರಜನಕದ ನೂರಕ್ಕೆ 22–24 ಭಾಗ ಕಡಲಿನದು ಎಂದು ಹೆಲ್‌ಫೀಲ್ಡ್ ಮತ್ತು ನೈಮನ್ 2001ರಲ್ಲಿ ಬರೆದರು. ಎಚ್ಚರಿಕೆ ಬೇಕಾದದ್ದು ಇಲ್ಲಿ. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳ ಕೆಲಸದಿಂದಲೂ ಸಾರಜನಕ-15 ಏರಬಹುದು. ತೊರೆಯಂಚಿನ ಕೆಂಪು ಆಲ್ಡರ್ ತನ್ನ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಲೆಕ್ಕ ಕಲಸುತ್ತದೆ. ಅದಕ್ಕೇ ಒಳ್ಳೆಯ ಅಧ್ಯಯನಗಳು ಒಂದೇ ತೊರೆಯಲ್ಲಿ ಜಲಪಾತದ ಕೆಳಗನ್ನೂ ಮೇಲನ್ನೂ ಹೋಲಿಸುತ್ತವೆ, ಮೇಲಕ್ಕೆ ಮೀನು ಹತ್ತಲಾರದು. ಅಲಾಸ್ಕದ ಹ್ಯಾನ್ಸೆನ್ ತೊರೆಯಲ್ಲಿ 20 ವರ್ಷ ಸತ್ತ ಮೀನುಗಳನ್ನೆಲ್ಲ ಒಂದೇ ದಂಡೆಗೆ ಎಸೆದು ನೋಡಿದರು. ಆ ದಂಡೆಯ ಬಿಳಿ ಸ್ಪ್ರೂಸ್ ಬೆಳವಣಿಗೆ ಚುರುಕಾಯಿತು. ಅದು ಮಳೆಕಾಡಿನ ತೊರೆಯಲ್ಲ ಎಂಬುದನ್ನು ಮರೆಯದೆ ಹೇಳಿ.

ಈ ಕೊಂಡಿ ಕಡಿಯುವುದು ಬಹುಪಾಲು ಮೋರಿಯಲ್ಲಿ. ಮರ ಸಾಗಿಸುವ ರಸ್ತೆ ತೊರೆ ದಾಟುವಲ್ಲಿ ಸಣ್ಣ ಪೈಪು ಹಾಕಿ ಮಣ್ಣು ತುಂಬುತ್ತಾರೆ. ಕಿರಿದಾದ ಪೈಪಿನಲ್ಲಿ ನೀರು ರಭಸವಾಗಿ ಬಂದು ಕೆಳಗೆ ಗುಂಡಿ ಕೊರೆಯುತ್ತದೆ, ಕೆಲವೇ ವರ್ಷದಲ್ಲಿ ಪೈಪಿನ ಬಾಯಿ ಗಾಳಿಯಲ್ಲಿ ತೂಗುತ್ತದೆ. ದೊಡ್ಡ ಸಾಲ್ಮನ್ ನೆಗೆಯಬಹುದು, ಬೆರಳುದ್ದದ ಕೋಹೋ ಮರಿ ನೆಗೆಯಲಾರದು. ಮರಿಗೆ ಒಂದು ವರ್ಷವಾದರೂ ತೊರೆಯೊಳಗೆ ಮೇಲೆ ಕೆಳಗೆ ಓಡಾಡಬೇಕು. ರಸ್ತೆ ಬೇಡವಾದರೆ ಪೈಪು ಕಿತ್ತು, ತುಂಬಿದ ಮಣ್ಣನ್ನು ಪೂರ್ತಿ ಹೊರತೆಗೆದು, ಮೇಲಿನ ಮತ್ತು ಕೆಳಗಿನ ತೊರೆಯ ಇಳಿಜಾರಿಗೆ ತಳ ಹೊಂದಿಸಬೇಕು. ಗಟ್ಟಿಯಾದ ರಸ್ತೆಯನ್ನು ಉತ್ತು ಸಡಿಲಿಸದೆ ಬಿಟ್ಟರೆ ಮಳೆನೀರು ಅದರ ಮೇಲೆಯೇ ಕಾಲುವೆಯಾಗಿ ಹರಿದು ಹೊಸ ಕೊರಕಲು ಮಾಡುತ್ತದೆ. ರಸ್ತೆ ಬೇಕಾದರೆ ತೊರೆಯ ತುಂಬು ಅಗಲಕ್ಕಿಂತ (ದಡ ತುಂಬಿ ಹರಿಯುವಾಗಿನ ಅಗಲ) ಅಗಲವಾದ, ತಳದಲ್ಲಿ ಜಲ್ಲಿಕಲ್ಲು ಉಳಿಯುವಂಥ ಮೋರಿ ಅಥವಾ ಸೇತುವೆಯೇ ಆಗಬೇಕು.

ಇನ್ನೊಂದು ತಪ್ಪು ಒಳ್ಳೆಯ ಉದ್ದೇಶದಿಂದಲೇ ಆದದ್ದು. 1950ರಿಂದ 70ರ ದಶಕದವರೆಗೆ, ಬಿದ್ದ ಮರಗಳು ಮೀನಿಗೆ ಅಡ್ಡಿ ಎಂದುಕೊಂಡು ತೊರೆಗಳನ್ನು ‘ಸ್ವಚ್ಛ’ ಮಾಡಿದರು. ದಿಮ್ಮಿ ಹೋದ ಮೇಲೆ ಮಡುಗಳು ಮಾಯವಾದವು, ಮೊಟ್ಟೆಯಿಡುವ ಜಲ್ಲಿಕಲ್ಲು ಕೊಚ್ಚಿಹೋಯಿತು. ಈಗ ದುಡ್ಡು ಕೊಟ್ಟು ದಿಮ್ಮಿ ವಾಪಸ್ ಹಾಕುತ್ತಿದ್ದಾರೆ. ರೂಢಿಯ ಅಳತೆ ಹೀಗಿದೆ: ಬೇರುಬುಡ ಇರುವ ಮರವಾದರೆ ತೊರೆಯ ತುಂಬು ಅಗಲದ ಒಂದೂವರೆ ಪಟ್ಟು ಉದ್ದ, ಬುಡವಿಲ್ಲದಿದ್ದರೆ ಎರಡು ಪಟ್ಟು. ಅದಕ್ಕಿಂತ ಗಿಡ್ಡದ್ದು ಮೊದಲ ಪ್ರವಾಹಕ್ಕೇ ತೇಲಿಹೋಗಿ ಕೆಳಗಿನ ಸೇತುವೆಗೆ ಬಡಿಯುತ್ತದೆ.

ದೊಡ್ಡ ಪ್ರಮಾಣದ ಉದಾಹರಣೆ ಬೇಕಾದರೆ ಒಲಿಂಪಿಕ್ ಉದ್ಯಾನದ ಎಲ್ವಾ ನದಿ. 1913ರ ಎಲ್ವಾ ಅಣೆಕಟ್ಟು, 1927ರ ಗ್ಲೈನ್ಸ್ ಕ್ಯಾನಿಯನ್ ಅಣೆಕಟ್ಟು ಎರಡರಲ್ಲೂ ಮೀನು ಹತ್ತುವ ದಾರಿ ಇರಲಿಲ್ಲ, ಸಾಲ್ಮನ್‌ಗೆ ಉಳಿದದ್ದು ಕೆಳಗಿನ ಸುಮಾರು 8 ಕಿ.ಮೀ. ಮಾತ್ರ. ಎಲ್ವಾ ಕ್ಲಾಲಮ್ ಬುಡಕಟ್ಟಿನವರ ದಶಕಗಳ ಒತ್ತಾಯದ ನಂತರ 2011ರ ಸೆಪ್ಟೆಂಬರಿನಲ್ಲಿ ಒಡೆಯಲು ಶುರುಮಾಡಿ 2014ರಲ್ಲಿ ಮುಗಿಸಿದರು. ಹೂಳನ್ನು ಒಮ್ಮೆಲೇ ಬಿಡಬಾರದೆಂದು ಹಂತಹಂತವಾಗಿ ಇಳಿಸಿದ್ದು ಮುಖ್ಯ. ಬರಿದಾದ ಜಲಾಶಯದ ತಳದಲ್ಲಿ ನುಣುಪು ಹೂಳಿನ ಕಡೆ ಗಿಡ ತಾನಾಗಿ ಬಂತು, ದಪ್ಪ ಮರಳು–ಜಲ್ಲಿಯ ದಿಬ್ಬಗಳಲ್ಲಿ ನೀರು ನಿಲ್ಲದೆ ಸಸಿ ಒಣಗಿತು. ಅಂಥಲ್ಲಿ ಸಾರಜನಕ ಹಿಡಿಯುವ ಲುಪಿನ್ ಎಂಬ ಗಿಡದ ಬೀಜ ಬಿತ್ತಿದ್ದು, ದಿಮ್ಮಿಗಳನ್ನು ಇಟ್ಟು ಅದರ ನೆರಳಲ್ಲಿ ಸಸಿ ನೆಟ್ಟದ್ದು ಕೈಹಿಡಿಯಿತು.

ಜರೀಗಿಡ

ಟಿಪ್ಪಣಿ ಕನ್ನಡದಲ್ಲಿ ಎಂದಿರಲ್ಲ, ಪದಗಳ ಬಗ್ಗೆ ನಾಲ್ಕು ಮಾತು. ಸೀಡರ್ ಎಂದ ಕೂಡಲೇ ದೇವದಾರು ಎಂದು ಬರೆಯಬೇಡಿ. ಅಲ್ಲಿನ ಕೆಂಪು ಸೀಡರ್, ಹಳದಿ ಸೀಡರ್ ಎರಡೂ ಸೈಪ್ರಸ್ ಬಳಗದವು, ಹಿಮಾಲಯದ ದೇವದಾರು ಪೈನ್ ಬಳಗದ್ದು. ಹೆಮ್ಲಾಕ್ ಎಂದರೆ ಸಾಕ್ರಟೀಸನಿಗೆ ಕುಡಿಸಿದ ವಿಷದ ಗಿಡ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಅದು ಬೇರೆ ಸಣ್ಣ ಸಸ್ಯ, ಇದು ಮರ. ಲೈಕೆನ್‌ಗೆ ಕಲ್ಲುಹೂ ಎಂದೇ ಹೇಳಿ, ಮಸಾಲೆ ಡಬ್ಬಿಯಿಂದ ಒಂದು ಚೂರು ತಂದು ಕೈಗೆ ಕೊಟ್ಟರೆ ಮಕ್ಕಳಿಗೆ ಮರೆಯುವುದಿಲ್ಲ. ಮರದ ಮೇಲೆ ಬೆಳೆಯುವ ಹಾವಸೆ, ಜರೀಗಿಡಗಳನ್ನು ಬಂದಳಿಕೆ ಎನ್ನಬೇಡಿ, ಬಂದಳಿಕೆ ಮರದ ರಸ ಹೀರುತ್ತದೆ, ಇವು ಬರೀ ಕೂರುತ್ತವೆ. ಮೀನಂಗಡಿಯಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಮಾರುವ ರಾವಸ್ ಸಾಲ್ಮನ್ ಅಲ್ಲ, ಅದಕ್ಕೆ ಈ ತೊರೆಯ ಬದುಕೂ ಇಲ್ಲ.

ಮಲ್ಲೇಶ್ವರದ ಓದುಗಿ

ಎಲ್ಲರಿಗೂ ಹೃದಯದಿಂದ ಧನ್ಯವಾದ. ಕಾವಳ ಅವರು ಹೇಳಿದ ಕ್ರಮದಲ್ಲೇ ಹಳೆಯ ಕಾಡು ಮೊದಲು, ರಿಪೇರಿ ಆಮೇಲೆ ಎಂದು ಟಿಪ್ಪಣಿ ತಿದ್ದುತ್ತೇನೆ. ಕೊನೆಯದಾಗಿ ಒಂದು. ಪಾರ್ಕಿನಲ್ಲೇ ಮಾಡಿಸಬಹುದಾದ, ಒತ್ತು ಕಾಡು ಎಂದರೆ ಏನು ಎಂದು ಮೈಗೆ ತಿಳಿಯುವಂಥ ಚಟುವಟಿಕೆ ಏನಾದರೂ ಇದೆಯೇ?

ಬೇರುಬಿಳಲು

ಇದೆ, ಖರ್ಚೂ ಇಲ್ಲ. 40 ಮೀಟರ್ ಹಗ್ಗದಿಂದ 10 ಮೀಟರ್ ಬದಿಯ ಚೌಕ ಹಾಕಿ. ಅದು ಹೆಕ್ಟೇರಿನ ನೂರನೇ ಒಂದು ಭಾಗ. ಹೆಕ್ಟೇರಿಗೆ 10,000 ಸಸಿ ಎಂದರೆ ಈ ಚೌಕದಲ್ಲಿ 100. ಸುಣ್ಣದ ಪುಡಿಯಿಂದ ಮೀಟರಿಗೊಂದರಂತೆ ಗುರುತು ಹಾಕಿ, 30 ಮಕ್ಕಳಿದ್ದರೆ ಚೌಕದ ಒಂದು ಮೂಲೆಯ 30 ಗುರುತಿನ ಮೇಲೆ ನಿಲ್ಲಿಸಿ, ಎರಡೂ ಕೈ ಪೂರ್ತಿ ಚಾಚಲು ಹೇಳಿ. ಕೈ ಚಾಚಲು ಆಗುವುದಿಲ್ಲ, ಕೆಳಕೊಂಬೆ ಯಾಕೆ ಸಾಯುತ್ತದೆ ಎಂದು ಅಲ್ಲೇ ತಿಳಿಯುತ್ತದೆ. ಆಮೇಲೆ ಇಡೀ ಚೌಕದಲ್ಲಿ ಐದೇ ಮಕ್ಕಳನ್ನು ಬಿಡಿ. ಯಾರು ಉಳಿಯಬೇಕು, ಎಲ್ಲಿ ಕಿಂಡಿ ಬೇಕು, ಯಾವ ಮೂಲೆಯನ್ನು ಮುಟ್ಟದೆ ಬಿಡಬೇಕು ಎಂಬುದನ್ನು ಅವರೇ ವಾದಿಸಿ ತೀರ್ಮಾನಿಸಲಿ. ಸಮ ಅಂತರಕ್ಕೆ ನಿಲ್ಲಿಸಿದರೆ ಯಾಕೆ ಬೇಡ ಎಂದು ಕೇಳಿ. ಇಬ್ಬರು ಮಕ್ಕಳ ಕೊರಳಿಗೆ ‘ಕೆಂಪು ಸೀಡರ್’ ಚೀಟಿ ಮೊದಲೇ ಹಾಕಿಟ್ಟರೆ, ಗಿಡ್ಡವೆಂದು ಅವರನ್ನು ಹೊರಗೆ ಕಳಿಸುತ್ತಾರೋ ಇಲ್ಲವೋ ನೋಡಬಹುದು.

ಎತ್ತರ–ವ್ಯಾಸದ ಅನುಪಾತಕ್ಕೆ ಒಂದು ಕೋನಮಾಪಕ, ದಾರ, ಕಲ್ಲು, ಟೈಲರ್ ಟೇಪು ಸಾಕು. ಕೋನಮಾಪಕದ ನಡುವಿನಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟು, ಅದರ ಅಂಚಿನುದ್ದ ಮರದ ತುದಿಯನ್ನು ನೋಡುತ್ತ ಹಿಂದೆ ಸರಿಯಿರಿ. 45 ಡಿಗ್ರಿ ಬಂದಲ್ಲಿ ನಿಂತು ಬುಡದವರೆಗಿನ ದೂರ ಅಳೆದು, ಕಣ್ಣಿನ ಎತ್ತರ ಕೂಡಿಸಿದರೆ ಮರದ ಎತ್ತರ. ನೆಲ ಸಮತಟ್ಟಾಗಿರಬೇಕು, ಇಳಿಜಾರಿನಲ್ಲಿ ಲೆಕ್ಕ ತಪ್ಪುತ್ತದೆ. ಎದೆಮಟ್ಟ ಎಂದರೆ ನೆಲದಿಂದ 1.3 ಮೀಟರ್, ಅಲ್ಲಿ ಸುತ್ತಳತೆ ತೆಗೆದು 3.14ರಿಂದ ಭಾಗಿಸಿ. ಪಾರ್ಕಿನ ಬಿಡಿಮರಗಳ ಅನುಪಾತ ತುಂಬ ಕಡಿಮೆ ಬರುತ್ತದೆ, ಅವು ಬಯಲಲ್ಲಿ ಹರವಾಗಿ ಬೆಳೆದವು. ಹೋಲಿಕೆಗೆ ಊರಾಚೆಯ ಒತ್ತಾದ ನೀಲಗಿರಿ ತೋಪಿನ ನಡುವಿನ ನಾಲ್ಕು ಮರಗಳನ್ನು ಮೊದಲೇ ಅಳೆದು ತಂದಿಟ್ಟುಕೊಳ್ಳಿ, ಅಂಚಿನ ಮರ ಬೇಡ, ಅದು ದಪ್ಪವಾಗಿರುತ್ತದೆ. ಮಕ್ಕಳ ಲೆಕ್ಕ ತಾಳೆ ನೋಡಲು: 24 ಮೀಟರ್ ಎತ್ತರದ ಮರಕ್ಕೆ ಸುತ್ತಳತೆ 75 ಸೆಂ.ಮೀ. ಇದ್ದರೆ ಅನುಪಾತ 100, 94 ಸೆಂ.ಮೀ. ಇದ್ದರೆ 80.